ಓದುಗರ ಪ್ರಶ್ನೆ: ಮಹಾಮಾರಿಯ ವರ್ಷದಲ್ಲಿ ನೋಟು, ಫೋನು ಮತ್ತು ಅಂಗಡಿ

ಪ್ರಶ್ನೆ: ಕೊರೋನಾ ಬಂದ ಮೇಲೆ ಜನ ನೋಟು ಮುಟ್ಟುವುದನ್ನು ಬಿಟ್ಟು ಫೋನಿನಲ್ಲೇ ಹಣ ಕೊಡಲು ಕಲಿತರು ಎನ್ನುತ್ತಾರೆ. ಅದೇ ವರ್ಷ ನೋಟುಗಳ ಚಲಾವಣೆಯೂ ಹೆಚ್ಚಿತೆಂದು ಓದಿದ್ದೇನೆ. ಎರಡೂ ನಿಜವಾಗಲು ಹೇಗೆ ಸಾಧ್ಯ?
– ಕಿರಾಣಿ ವ್ಯಾಪಾರಿಯೊಬ್ಬರು, ಗದಗ

ಉತ್ತರ: ಎರಡೂ ನಿಜ. ದಿನದ ಕೊಡುಕೊಳ್ಳುವಿಕೆಗೆ ಬೇಕಾಗುವ ಹಣವೇ ಬೇರೆ, ಆಪತ್ತಿಗೆಂದು ಬೀರುವಿನಲ್ಲಿ ಇಡುವ ಹಣವೇ ಬೇರೆ. ಮಹಾಮಾರಿ ಮೊದಲನೆಯದನ್ನು ಫೋನಿಗೆ ಸಾಗಿಸಿತು, ಎರಡನೆಯದನ್ನು ಹಿಗ್ಗಿಸಿತು. ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿಯ ಪ್ರಕಾರ 2020–21ರಲ್ಲಿ ಚಲಾವಣೆಯಲ್ಲಿದ್ದ ನೋಟುಗಳ ಮೌಲ್ಯ ಶೇ 16.8ರಷ್ಟು ಏರಿದರೆ, ಅವುಗಳ ಸಂಖ್ಯೆ ಏರಿದ್ದು ಶೇ 7.2ರಷ್ಟು ಮಾತ್ರ. ಅಂದರೆ ಹೆಚ್ಚಿದ್ದು ಮುಖ್ಯವಾಗಿ ದೊಡ್ಡ ಮುಖಬೆಲೆಯ ನೋಟುಗಳು, ನಿಮ್ಮ ಗಲ್ಲಾಪೆಟ್ಟಿಗೆಯ ಚಿಲ್ಲರೆಯಲ್ಲ. ನಾಳೆ ಆಸ್ಪತ್ರೆಗೆ ಓಡಬೇಕಾಗಬಹುದು, ಕೂಲಿ ನಿಲ್ಲಬಹುದು ಎಂಬ ಆತಂಕದಲ್ಲಿದ್ದ ಕುಟುಂಬ ಕೈಯಲ್ಲಿ ನಗದು ಇಟ್ಟುಕೊಂಡದ್ದು ತೀರ ಸಹಜ.

ಯುಪಿಐ ವಿಚಾರದಲ್ಲಿಯೂ ಜನಜನಿತವಾದ ಕಥೆಗೆ ಒಂದು ತಿದ್ದುಪಡಿ ಬೇಕು. 2020ರ ಫೆಬ್ರವರಿಯಲ್ಲಿ ಸುಮಾರು 132 ಕೋಟಿಯಷ್ಟಿದ್ದ ವಹಿವಾಟುಗಳು, ದೇಶವೇ ಬಾಗಿಲು ಹಾಕಿಕೊಂಡಿದ್ದ ಏಪ್ರಿಲ್‌ನಲ್ಲಿ ಸುಮಾರು 100 ಕೋಟಿಗೆ ಕುಸಿದವು. ನೋಟಿನಿಂದ ಸೋಂಕು ತಗಲುತ್ತದೆಂಬ ಭಯವೊಂದೇ ಕಾರಣವಾಗಿದ್ದರೆ, ಭಯ ಅತಿ ಹೆಚ್ಚಾಗಿದ್ದ ಆ ತಿಂಗಳಲ್ಲೇ ಸಂಖ್ಯೆ ಏರಬೇಕಿತ್ತು. ವ್ಯಾಪಾರವೇ ನಿಂತಾಗ ಪಾವತಿ ಎಲ್ಲಿಂದ ಬರಬೇಕು? ಅಂಗಡಿಗಳು ತೆರೆದ ಮೇಲೆ, ಜೂನ್ ಹೊತ್ತಿಗೆ ಹಳೆಯ ಮಟ್ಟ ಮರಳಿತು; ಅಕ್ಟೋಬರ್‌ನಲ್ಲಿ ಅದು 200 ಕೋಟಿ ದಾಟಿತು. ಆ ವರ್ಷದ ಜನವರಿ 1ರಿಂದಲೇ ಯುಪಿಐ ಪಾವತಿಗೆ ವ್ಯಾಪಾರಿಯಿಂದ ಶುಲ್ಕ ಪಡೆಯುವಂತಿಲ್ಲವೆಂಬ ನಿಯಮ ಜಾರಿಯಲ್ಲಿದ್ದುದರಿಂದ, ಹತ್ತು ರೂಪಾಯಿಯ ಕೊತ್ತಂಬರಿ ಮಾರುವವರಿಗೂ ಕ್ಯೂಆರ್ ಕೋಡ್ ಅಂಟಿಸಿಕೊಳ್ಳಲು ಅಡ್ಡಿಯಿರಲಿಲ್ಲ. ದಾರಿ ಮೊದಲೇ ಸಿದ್ಧವಾಗಿತ್ತು. ಮಹಾಮಾರಿ ಜನರನ್ನು ಅದರ ಮೇಲೆ ನಡೆಸಿತು. ಸೋಂಕಿನ ಭಯ ಕಳೆದ ಮೇಲೂ ರೂಢಿ ಉಳಿಯಿತು ಎಂಬುದಕ್ಕೆ, 2023ರ ಆಗಸ್ಟ್‌ನಲ್ಲಿ ತಿಂಗಳ ವಹಿವಾಟು 1000 ಕೋಟಿ ಮೀರಿದ್ದೇ ಸಾಕ್ಷಿ.

ಪ್ರಶ್ನೆ: ಜನ ಮನೆಯಿಂದ ಹೊರಬರಲಾಗದ ಆ ದಿನಗಳು ಆನ್‌ಲೈನ್ ಮಾರಾಟಗಾರರಿಗೆ ಸುಗ್ಗಿಯಾಗಬೇಕಿತ್ತಲ್ಲವೇ? ನಾನು ಮಗಳ ಪಾಠಕ್ಕೆಂದು 2020ರ ಏಪ್ರಿಲ್‌ನಲ್ಲಿ ಲ್ಯಾಪ್‌ಟಾಪ್ ತರಿಸಲು ಹೋದರೆ ಯಾವ ಜಾಲತಾಣವೂ ಆರ್ಡರ್ ಪಡೆಯಲಿಲ್ಲ.
– ಗೃಹಿಣಿಯೊಬ್ಬರು, ಮೈಸೂರು

ಉತ್ತರ: ನಿಮ್ಮ ಅನುಭವ ಸರ್ಕಾರದ ಆದೇಶದ ಫಲ. ಮಾರ್ಚ್ 25ರಿಂದ ಆನ್‌ಲೈನ್‌ನಲ್ಲಿಯೂ ಅಗತ್ಯ ವಸ್ತುಗಳನ್ನು ಮಾತ್ರ ಮಾರಬಹುದಿತ್ತು, ಲ್ಯಾಪ್‌ಟಾಪ್ ಆ ಪಟ್ಟಿಯಲ್ಲಿರಲಿಲ್ಲ. ಮೇ 4ರಿಂದ ಹಸಿರು ಮತ್ತು ಕಿತ್ತಳೆ ವಲಯಗಳಿಗೆ ಸಡಿಲಿಕೆ ಸಿಕ್ಕಿದರೂ, ಮೈಸೂರು ಮತ್ತು ಬೆಂಗಳೂರು ಕೆಂಪು ವಲಯದಲ್ಲಿದ್ದುದರಿಂದ ಇನ್ನೂ ಎರಡು ವಾರ ಕಾಯಬೇಕಾಯಿತು. ಬೇಡಿಕೆ ಎಷ್ಟೇ ಇರಲಿ, ಗೋದಾಮಿನಲ್ಲಿ ಸರಕು ಜೋಡಿಸುವವರು, ಲಾರಿ ಓಡಿಸುವವರು, ಬಾಗಿಲಿಗೆ ತಲುಪಿಸುವವರು ಇಲ್ಲದೆ ಈ ಮಾರುಕಟ್ಟೆ ನಡೆಯದು. ಆ ವಾರಗಳಲ್ಲಿ ನಮ್ಮ ಅಡುಗೆಮನೆಗಳನ್ನು ಉಳಿಸಿದ್ದು ಬಹುಮಟ್ಟಿಗೆ ಓಣಿಯ ಕಿರಾಣಿ ಅಂಗಡಿ: ವಾಟ್ಸ್‌ಆ್ಯಪ್‌ನಲ್ಲಿ ಚೀಟಿ ಪಡೆದು, ಸಾಮಾನು ಕಟ್ಟಿಟ್ಟು, ಸಂಬಳ ಬಾರದವರಿಗೆ ಉದ್ರಿ ಬರೆದುಕೊಂಡ ಆ ವ್ಯಾಪಾರಿಗಳ ಸೇವೆಗೆ ಸಲ್ಲಬೇಕಾದಷ್ಟು ಮನ್ನಣೆ ಸಂದಿಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ.

ಪ್ರಶ್ನೆ: ಹಳೆಯ ಮಂಚ ಮಾರಲು ಜಾಹೀರಾತು ಹಾಕಿದ್ದೆ. ಕೊಳ್ಳುವವರು ಹಣ ಕಳುಹಿಸಿದ್ದೇವೆ, ಪಿನ್ ಒತ್ತಿ ಪಡೆಯಿರಿ ಎನ್ನುತ್ತಿದ್ದಾರೆ. ಒತ್ತಬಹುದೇ?
– ನಿವೃತ್ತ ಶಿಕ್ಷಕರು, ಶಿವಮೊಗ್ಗ

ಉತ್ತರ: ಖಂಡಿತ ಬೇಡ. ಯುಪಿಐನಲ್ಲಿ ಹಣ ಪಡೆಯಲು ಪಿನ್ ಬೇಕಾಗುವುದೇ ಇಲ್ಲ. ಪಿನ್ ಒತ್ತಿದರೆ ನಿಮ್ಮ ಖಾತೆಯಿಂದಲೇ ಹಣ ಹೋಗುತ್ತದೆ. ಈಗಾಗಲೇ ಒತ್ತಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿ. ದೂರು ಬೇಗ ತಲುಪಿದಷ್ಟೂ, ವಂಚಕರು ಹಣ ತೆಗೆಯುವ ಮೊದಲೇ ಅದನ್ನು ತಡೆಹಿಡಿಯುವ ಅವಕಾಶ ಹೆಚ್ಚು.