ಎರಡು ವರ್ಷದ ನಾಯಿ ಹೊಸ ಮನೆಗೆ ಹೊಂದಿಕೊಳ್ಳುತ್ತಾ?

ಪ್ರಶ್ನೆ: ನಾವು ಧಾರವಾಡದ ಸಪ್ತಾಪುರದವರು. ಮಕ್ಕಳು ಲ್ಯಾಬ್ರಡಾರ್ ಮರಿ ಬೇಕು ಅಂತ ಹಟ ಹಿಡಿದಿದ್ದಾರೆ. ಬೀದಿ ಪ್ರಾಣಿಗಳನ್ನು ನೋಡಿಕೊಳ್ಳುವ ತಂಡವೊಂದು ಎರಡು ವರ್ಷದ ನಾಡ ನಾಯಿ ಕೊಡುತ್ತೇವೆ ಅನ್ನುತ್ತಿದೆ. ಅದರ ಕಿವಿಯ ತುದಿ ಕತ್ತರಿಸಿದೆ. ಅದು ಹೊಂದಿಕೊಳ್ಳುತ್ತಾ? ನಾವಿಬ್ಬರೂ ಕೆಲಸಕ್ಕೆ ಹೋದರೆ ಮನೆಯಲ್ಲಿ ಅತ್ತೆ ಒಬ್ಬರೇ. ಆ ತಂಡದವರು ಮನೆ ನೋಡಬೇಕು, ಸಹಿ ಬೇಕು ಅಂತಾರೆ. ಇಷ್ಟೆಲ್ಲ ಯಾಕೆ?

ಉತ್ತರ: ಖಂಡಿತ ಹೊಂದಿಕೊಳ್ಳುತ್ತದೆ. ನಿಮ್ಮ ಮನೆಗೆ ಮರಿಗಿಂತ ಅದೇ ಸರಿ. ಮರಿಗೆ ದಿನಕ್ಕೆ ಮೂರ್ನಾಲ್ಕು ಸಲ ಊಟ ಹಾಕಬೇಕು, ಘಳಿಗೆಗೊಮ್ಮೆ ನೆಲ ಒರೆಸಬೇಕು. 16 ವಾರ ತುಂಬುವವರೆಗೆ ಮತ್ತೆ ಮತ್ತೆ ಲಸಿಕೆ. ನಡುವೆ ಪಾರ್ವೊ ಅನ್ನುವ ವೈರಸ್ ರೋಗ ತಗುಲಿದರೆ ವಾಂತಿ, ರಕ್ತಭೇದಿಯಾಗಿ ಕೆಲವೇ ದಿನಗಳಲ್ಲಿ ಜೀವ ಹೋಗಬಹುದು. ಇದೆಲ್ಲ ಅತ್ತೆಯವರ ತಲೆ ಮೇಲೆ ಬೀಳುತ್ತದೆ, ಅಲ್ವಾ? ಬೆಳೆದ ನಾಯಿಯ ಗಾತ್ರ, ಗುಣ ಈಗಲೇ ಗೊತ್ತಾಗುತ್ತದೆ. ನಾಡ ನಾಯಿ ನಮ್ಮ ಬಿಸಿಲನ್ನೂ ಚೆನ್ನಾಗಿ ತಾಳುತ್ತದೆ.

ಕಿವಿ ನೋಡಿ ಗಾಬರಿಯಾಗಬೇಡಿ. ಸಂತಾನಹರಣ ಆಪರೇಷನ್ ಮಾಡಿ ರೇಬೀಸ್ ಲಸಿಕೆ ಹಾಕಿದ ನಾಯಿಯ ಗುರುತು ಅದು. ಅರಿವಳಿಕೆಯಲ್ಲಿ ಇರುವಾಗಲೇ ಕತ್ತರಿಸುತ್ತಾರೆ. ಇನ್ನೊಮ್ಮೆ ಅದನ್ನೇ ಹಿಡಿದು ಹೊಟ್ಟೆ ಕೊಯ್ಯಬಾರದು ಅಂತ ಈ ವ್ಯವಸ್ಥೆ. ಆದರೆ ರೇಬೀಸ್ ಲಸಿಕೆ ಪ್ರತಿ ವರ್ಷ ಹಾಕಿಸಬೇಕು. ಹಿಂದಿನದು ಯಾವಾಗ ಹಾಕಿದ್ದು ಅಂತ ಕಾರ್ಡ್ ಕೇಳಿ ನೋಡಿ.

ಮನೆ ನೋಡಲು ಬರುವವರ ಮೇಲೆ ಬೇಜಾರಾಗಬೇಡಿ. ಒಯ್ದವರು ತಿಂಗಳಲ್ಲೇ ಬೀದಿಗೆ ಬಿಟ್ಟ ನಾಯಿಗಳ ಪಾಡು ಅವರಿಗೆ ಗೊತ್ತು. ಹಾಗೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ನೀವೂ ಅವರನ್ನು ಅಷ್ಟೇ ಕೇಳಿ. ಊಟದ ತಟ್ಟೆ ಹತ್ತಿರ ಕೈ ಹೋದರೆ ಗುರ್ ಅನ್ನುತ್ತಾ? ಮಕ್ಕಳ ಗದ್ದಲ ಸಹಿಸುತ್ತಾ? ಹೊಂದದಿದ್ದರೆ ವಾಪಸ್ ತಗೊಳ್ಳುತ್ತೀರಾ? ಕೊನೆಯದಕ್ಕೆ ಹೌದು ಅನ್ನದವರ ಹತ್ತಿರ ತರಬೇಡಿ. ಅತ್ತೆಯವರನ್ನೂ ಕರೆದುಕೊಂಡು ಹೋಗಿ, ಅವರಿಗೆ ಹೆದರಿಕೆಯಾದರೆ ಬೇಡವೇ ಬೇಡ.

ಮೊದಲ ವಾರ ತಾಳ್ಮೆ ಬೇಕು. ಮಂಚದ ಕೆಳಗೆ ಸೇರಿಕೊಂಡರೆ ಎಳೆಯಬೇಡಿ. ಹಳೇ ಕೌದಿ ಹಾಸಿ, ನೀರಿಟ್ಟು, ಸುಮ್ನೆ ಬಿಟ್ಟುಬಿಡಿ. ಮಕ್ಕಳು ತಬ್ಬಿಕೊಳ್ಳುವುದು ಬೇಡ, ಅದೇ ಬಂದು ಮೂಸಲಿ. ಬರೀ ರೊಟ್ಟಿ-ಹಾಲು ಸಾಲದು, ಬೇಯಿಸಿದ ಮೊಟ್ಟೆಯನ್ನೂ ಕೊಡಿ. ಝುಣಕ ಹಚ್ಚಿದ ರೊಟ್ಟಿ ಮಾತ್ರ ಹಾಕಬೇಡಿ, ಅದರಲ್ಲಿರುವ ಉಳ್ಳಾಗಡ್ಡಿ (ಈರುಳ್ಳಿ) ನಾಯಿಯ ರಕ್ತಕಣಗಳನ್ನು ಹಾಳು ಮಾಡುತ್ತದೆ. ಗೇಟಿಗೆ ಚಿಲಕ ಹಾಕಿಡಿ. ಹೊಸ ಜಾಗಕ್ಕೆ ಬಂದ ನಾಯಿ ಬೆದರಿ ಓಡಿದರೆ ಮನೆ ದಾರಿ ಅದಕ್ಕಿನ್ನೂ ಗೊತ್ತಿರುವುದಿಲ್ಲ.