ಒಂದು ವಾಷರ್‌ಗೆ 400 ರೂಪಾಯಿಯೇ?

ಪ್ರಶ್ನೆ: ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿದೆ. ವಾಷರ್ ಹಾಕಲು ಪ್ಲಂಬರ್ 400 ರೂ. ಕೇಳುತ್ತಿದ್ದಾರೆ. ನಾವೇ ಹಾಕಿಕೊಳ್ಳಬಹುದೇ?
– ಓದುಗರು, ಬೆಂಗಳೂರು

ಉತ್ತರ: ವಾಷರ್ ಬೆಲೆ ಕೆಲವೇ ರೂಪಾಯಿ, ನಿಜ. ಆದರೆ ಅವರು ಕೇಳುತ್ತಿರುವುದು ಬಂದುಹೋಗುವ ಹೊತ್ತಿನ ಕೂಲಿ, ಅದು ಅನ್ಯಾಯವೇನಲ್ಲ. ಫ್ಲಶ್ ಟ್ಯಾಂಕ್ ಸೋರಿಕೆ, ಸಿಂಕ್ ಪೈಪ್‌ನಂಥ ಕೆಲಸಗಳನ್ನು ಕೂಡಿಸಿಟ್ಟು ಒಮ್ಮೆಲೇ ಕರೆಸಿದರೆ ಗಿಟ್ಟುತ್ತದೆ. ಸಾಮಾನು ಸೇರಿಯೋ, ಬರೀ ಕೂಲಿಯೋ ಎಂದು ಫೋನಿನಲ್ಲೇ ಕೇಳಿಬಿಡಿ. ಜಗಳ ಹುಟ್ಟುವುದೇ ಅಲ್ಲಿ.

ನೀವೇ ಮಾಡುವುದಾದರೆ ಮೊದಲು ನಲ್ಲಿಗೆ ನೀರು ಬಿಡುವ ವಾಲ್ವ್ ಮುಚ್ಚಿ, ನಲ್ಲಿ ತೆರೆದು ನೀರು ಪೂರ್ತಿ ನಿಂತಿತೇ ನೋಡಿ. ಕೆಲವು ಹಳೆಯ ಗೇಟ್ ವಾಲ್ವ್‌ಗಳು (ಚಕ್ರದಂಥ ಹಿಡಿಯವು) ಎಷ್ಟು ತಿರುಗಿಸಿದರೂ ಪೂರ್ತಿ ಮುಚ್ಚುವುದಿಲ್ಲ, ಹಾಗಿದ್ದರೆ ಕೈಹಾಕಬೇಡಿ. ಹಿಡಿಯ ಸ್ಕ್ರೂ ತೆಗೆದು, ಒಳಗಿನ ಸ್ಪಿಂಡಲ್ ಅನ್ನು (ಹಿಡಿ ತಿರುಗಿಸಿದಾಗ ನೀರು ಬಿಡುವ, ನಿಲ್ಲಿಸುವ ಭಾಗ) ಸ್ಪ್ಯಾನರ್‌ನಿಂದ ಬಿಚ್ಚಿ. ಹಲವು ಸುತ್ತು ತಿರುಗುವ ನಲ್ಲಿಯಾದರೆ ತುದಿಯಲ್ಲಿ ರಬ್ಬರ್ ವಾಷರ್ ಇರುತ್ತದೆ, ಸಾಮಾನ್ಯವಾಗಿ ಅರ್ಧ ಇಂಚಿನದು. ಕಾಲು ಸುತ್ತಿಗೇ ತೆರೆಯುವ ನಲ್ಲಿಯಲ್ಲಿ ಅದಿರುವುದಿಲ್ಲ, ಇಡೀ ಸ್ಪಿಂಡಲ್ಲೇ ಬದಲಾಗಬೇಕು. ಹಿಡಿ ಕೂರುವ ಸ್ಪಿಂಡಲ್ ತುದಿಯ ಹಲ್ಲುಗಳ ಲೆಕ್ಕ ಕಂಪನಿಯಿಂದ ಕಂಪನಿಗೆ ಬೇರೆ, ಹಳೆಯದನ್ನು ಅಂಗಡಿಗೆ ಒಯ್ಯಿರಿ.

ಹೊಸ ವಾಷರ್ ಹಾಕಿದ ಮೇಲೂ ತೊಟ್ಟಿಕ್ಕಿದರೆ ಅದು ಕೂರುವ ಹಿತ್ತಾಳೆಯ ಅಂಚು ಸವೆದಿದೆ ಎಂದರ್ಥ. ಆಗ ನಲ್ಲಿಯನ್ನೇ ಬದಲಿಸಿ.

ಸೋರಿಕೆ ನಲ್ಲಿ ಗೋಡೆಗೆ ಸೇರುವ ಸಂದಿನಲ್ಲಿದ್ದರೆ ಮಾತ್ರ ಪ್ಲಂಬರ್‌ಗೇ ಬಿಡಿ. ಟೆಫ್ಲಾನ್ ಟೇಪ್ ಸುತ್ತಿ ಅತಿಯಾಗಿ ಬಿಗಿದರೆ ಗೋಡೆಯೊಳಗಿನ ಎಲ್ಬೋ (ಪೈಪಿನ ಬಾಗಿದ ಜೋಡಣೆ) ಸೀಳಬಹುದು. ಟೈಲ್ಸ್ ಒಡೆಯುವ ಖರ್ಚಿನ ಮುಂದೆ 400 ರೂ. ಏನೂ ಅಲ್ಲ.