ಹೇಳಿದ್ದೆಲ್ಲ ನಿಜವೇ ಆಗಿದ್ದರೂ ಬೈಬಲ್ ಪ್ರಕಾರ ಅದು ತಪ್ಪಾಗಬಹುದೇ?

ನಿಮ್ಮ ಪ್ರಶ್ನೆಯನ್ನು ನಾನು ಹೀಗೆ ಅರ್ಥ ಮಾಡಿಕೊಂಡಿದ್ದೇನೆ. ಜೊತೆಯಲ್ಲಿ ಕೆಲಸ ಮಾಡುವವರೊಬ್ಬರು ಕೆಲವು ವಾರಗಳಿಂದ ಆಫೀಸಿಗೆ ತಡವಾಗಿ ಬರುತ್ತಿದ್ದರು, ಅದನ್ನು ನೀವು ಮ್ಯಾನೇಜರ್ ಕಿವಿಗೆ ಹಾಕಿದಿರಿ. ಅವರ ಪ್ರಮೋಷನ್ ತಡೆಯಾಯಿತು. ಅವರ ತಾಯಿ ಆಸ್ಪತ್ರೆಯಲ್ಲಿರುವುದು ನಿಮಗೆ ಗೊತ್ತಿತ್ತು, ಆದರೆ ಮ್ಯಾನೇಜರ್ ಕೇಳಲಿಲ್ಲ, ನೀವಾಗಿ ಹೇಳಲೂ ಇಲ್ಲ. "ನಾನು ಆಡಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಹಾಗಿದ್ದ ಮೇಲೆ ಬೈಬಲ್ ಪ್ರಕಾರ ನನ್ನದು ತಪ್ಪು ಹೇಗಾಗುತ್ತದೆ?" ಎಂದು ಕೇಳಿದ್ದೀರಿ.

ನಾನು ಪಾದ್ರಿಯಲ್ಲ, ದೇವಶಾಸ್ತ್ರ ಓದಿಲ್ಲ. ನಮ್ಮ ಸಭೆಯಲ್ಲಿ ಸಂಡೇ ಸ್ಕೂಲ್ ಮಕ್ಕಳಿಗೆ ಪಾಠ ಹೇಳುತ್ತೇನೆ, ಅಷ್ಟೇ. "ಅವನ ಮೇಲೆ ಕಂಪ್ಲೇಂಟ್ ಹೇಳಿದ್ದು ನಿಜ ತಾನೇ ಟೀಚರ್, ಮತ್ತೆ ನನಗ್ಯಾಕೆ ಬೈತೀರಿ?" ಎಂದು ಅಲ್ಲಿನ ಮಕ್ಕಳೂ ಕೇಳುತ್ತಾರೆ. ಹಾಗಾಗಿ ಈ ಪ್ರಶ್ನೆಯೊಡನೆ ನನಗೆ ಹಳೆಯ ಪರಿಚಯ.

ನಿಮ್ಮ ಸಂದರ್ಭಕ್ಕೆ ನೇರವಾಗಿ ತಾಗುವ ಕಥೆ ಹಳೆಯ ಒಡಂಬಡಿಕೆಯ 1 ಸಮುವೇಲನು ಪುಸ್ತಕದ 21 ಮತ್ತು 22ನೇ ಅಧ್ಯಾಯಗಳಲ್ಲಿದೆ. ಭಾನುವಾರದ ಪ್ರಸಂಗಗಳಲ್ಲಿ ಇದು ಅಷ್ಟಾಗಿ ಕೇಳಿಬರುವುದಿಲ್ಲ. ಎಲ್ಲರಿಗೂ ದೈತ್ಯ ಗೊಲ್ಯಾತನನ್ನು ಕೆಡವಿದ ದಾವೀದ ಬೇಕು, ಹಸಿದು ಓಡುತ್ತಿರುವ ದಾವೀದ ಬೇಡ. ಅರಸನಾದ ಸೌಲನಿಂದ ತಲೆಮರೆಸಿಕೊಂಡು ಓಡುತ್ತಿದ್ದ ದಾವೀದ ನೋಬ್ ಎಂಬ ಊರಿಗೆ ಬಂದು ಯಾಜಕ ಅಹೀಮೆಲೆಕನ ಮುಂದೆ ನಿಲ್ಲುತ್ತಾನೆ. ಒಬ್ಬನೇ ಯಾಕೆ ಬಂದೆ ಎಂದು ಯಾಜಕ ಕೇಳಿದಾಗ, ಅರಸನೇ ಗುಟ್ಟಿನ ಕೆಲಸಕ್ಕೆ ಕಳಿಸಿದ್ದಾನೆ ಎಂದು ಹಸಿಸುಳ್ಳು ಹೇಳುತ್ತಾನೆ. ಅಹೀಮೆಲೆಕ ನಂಬುತ್ತಾನೆ. ದೇವರ ಮುಂದಿಟ್ಟಿದ್ದ ರೊಟ್ಟಿ ಕೊಡುತ್ತಾನೆ, ಅಲ್ಲಿ ಇರಿಸಿದ್ದ ಗೊಲ್ಯಾತನ ಕತ್ತಿಯನ್ನೂ ಕೊಡುತ್ತಾನೆ. ಸೌಲನ ಪಶುಪಾಲಕರ ಮುಖ್ಯಸ್ಥ, ಎದೋಮ್ಯನಾದ ದೋಯೇಗ, ಅಂದು ಅಲ್ಲೇ ಇದ್ದ.

ಮುಂದೊಂದು ದಿನ ಸೌಲ ಕೈಯಲ್ಲಿ ಈಟಿ ಹಿಡಿದು ಮರದ ಕೆಳಗೆ ಕೂತು, ನನ್ನ ಪರವಾಗಿ ಯಾರೂ ಇಲ್ಲ, ಯಾರೂ ನನಗೆ ಏನೂ ತಿಳಿಸುವುದಿಲ್ಲ ಎಂದು ತನ್ನವರ ಮೇಲೆ ಹರಿಹಾಯುತ್ತಾನೆ. ಆಗ ದೋಯೇಗ ಬಾಯಿ ತೆರೆಯುತ್ತಾನೆ. ಇಷಯನ ಮಗ, ಅಂದರೆ ದಾವೀದ, ನೋಬಿಗೆ ಬಂದದ್ದನ್ನು ಕಂಡೆ. ಅಹೀಮೆಲೆಕ ಅವನಿಗಾಗಿ ದೇವರನ್ನು ವಿಚಾರಿಸಿದ, ಆಹಾರ ಕೊಟ್ಟ, ಕತ್ತಿ ಕೊಟ್ಟ. ಮಾತು ಇಷ್ಟೇ. ಉಪ್ಪುಖಾರ ಹಚ್ಚಿಲ್ಲ. ರೊಟ್ಟಿ ಕೊಟ್ಟದ್ದು ನಿಜ, ಕತ್ತಿ ಕೊಟ್ಟದ್ದೂ ನಿಜ, ದೇವರನ್ನು ವಿಚಾರಿಸಿದ್ದನ್ನು ಅಹೀಮೆಲೆಕನೂ ಅಲ್ಲಗಳೆಯುವುದಿಲ್ಲ. ಬಿಟ್ಟುಹೋದದ್ದು ಒಂದೇ: ಆ ಯಾಜಕ ಇದನ್ನೆಲ್ಲ ಮಾಡಿದ್ದು ಅರಸನ ಸೇವೆ ಎಂದು ನಂಬಿ. ಆ ಮಾತು ಬಂದಿದ್ದರೆ ರಾಜದ್ರೋಹದ ಆರೋಪಕ್ಕೆ ಆಧಾರವೇ ಇರುತ್ತಿರಲಿಲ್ಲ.

ಸೌಲ ಯಾಜಕರನ್ನೆಲ್ಲ ಕರೆಸಿ ಕೊಲ್ಲಲು ಹೇಳಿದ. ಅವನ ಕಾವಲಿನವರು ಯಾಜಕರ ಮೇಲೆ ಕೈ ಎತ್ತಲು ಒಪ್ಪಲಿಲ್ಲ. ಸುದ್ದಿ ಮುಟ್ಟಿಸಿದ ದೋಯೇಗನೇ ಕತ್ತಿ ಹಿಡಿದ. ಅಂದು ಸತ್ತ ಯಾಜಕರು 85 ಮಂದಿ, ಆಮೇಲೆ ನೋಬ್ ಊರಿನ ಹೆಂಗಸರು, ಮಕ್ಕಳು, ದನಕರುಗಳು.

ಇನ್ನು 52ನೇ ಕೀರ್ತನೆ ತೆಗೆಯಿರಿ. ದೋಯೇಗ ಸೌಲನಿಗೆ ಸುದ್ದಿ ಮುಟ್ಟಿಸಿದ ಸಂದರ್ಭದ್ದು ಎಂದು ಅದರ ತಲೆಬರಹದಲ್ಲೇ ಇದೆ. ನಿನ್ನ ನಾಲಿಗೆ ಮಸೆದ ಕ್ಷೌರದ ಕತ್ತಿಯಂತಿದೆ ಎನ್ನುತ್ತದೆ. ಅಷ್ಟಕ್ಕೇ ನಿಲ್ಲದೆ, ನ್ಯಾಯದ ನುಡಿಗಿಂತ ಸುಳ್ಳೇ ನಿನಗೆ ಇಷ್ಟ ಎಂದು ಮೂರನೇ ವಚನದಲ್ಲಿ ಹೇಳುತ್ತದೆ. ಸುಳ್ಳು! ದೋಯೇಗ ಹೇಳಿದ ಸಂಗತಿಗಳನ್ನು ಒಂದೊಂದಾಗಿ ಪರಿಶೀಲಿಸಿದರೆ ಸುಳ್ಳು ಸಿಗುವುದಿಲ್ಲ, ಆದರೂ ಕೀರ್ತನೆಗಾರ ಅದನ್ನು ಸುಳ್ಳಿನ ಲೆಕ್ಕಕ್ಕೇ ಸೇರಿಸುತ್ತಾನೆ. ಮಾತಿನ ಬಗ್ಗೆ ಬೈಬಲ್ಲಿನ ವಿಚಾರವೆಲ್ಲ ಇಲ್ಲಿ ಗಂಟು ಕಟ್ಟಿದೆ ಎಂದು ನನಗನ್ನಿಸುತ್ತದೆ. ಮಾತು ವಾಸ್ತವಕ್ಕೆ ಹೊಂದುತ್ತದೆಯೇ ಎಂಬುದು ಅರ್ಧ ಪರೀಕ್ಷೆ. ಅದು ಯಾರ ಕುರಿತದ್ದೋ ಅವನನ್ನು ಎಲ್ಲಿ ತಂದು ನಿಲ್ಲಿಸುತ್ತದೆ ಎಂಬುದು ಉಳಿದರ್ಧ.

ದಾವೀದನನ್ನೂ ಕಥೆ ಸುಮ್ಮನೆ ಬಿಡುವುದಿಲ್ಲ. ತಪ್ಪಿಸಿಕೊಂಡು ಬಂದ ಅಹೀಮೆಲೆಕನ ಮಗ ಎಬ್ಯಾತಾರನಿಗೆ ಅವನು ಹೇಳುತ್ತಾನೆ: ದೋಯೇಗನನ್ನು ಅಲ್ಲಿ ಕಂಡಾಗಲೇ ಅವನು ಹೇಳಿಯೇ ಹೇಳುತ್ತಾನೆಂದು ನನಗೆ ಗೊತ್ತಿತ್ತು, ನಿನ್ನ ತಂದೆಯ ಮನೆಯವರೆಲ್ಲರ ಸಾವಿಗೆ ನಾನೇ ಕಾರಣ. ಒಬ್ಬನ ಸುಳ್ಳು, ಇನ್ನೊಬ್ಬನ ನಿಜ. ಎರಡೂ ಸೇರಿ ಒಂದು ಊರು ಹೋಯಿತು.

ದಶಾಜ್ಞೆಗಳಲ್ಲಿ ಸುಳ್ಳುಸಾಕ್ಷಿಯ ಕುರಿತ ಆಜ್ಞೆಯನ್ನೂ ಹೀಗೇ ಓದಬೇಕು. ಕಥೋಲಿಕರ ಎಣಿಕೆಯಲ್ಲಿ ಎಂಟನೆಯದು, ಹೆಚ್ಚಿನ ಪ್ರೊಟೆಸ್ಟೆಂಟರ ಎಣಿಕೆಯಲ್ಲಿ ಒಂಬತ್ತನೆಯದು. ಅದು ಬರೀ "ಸುಳ್ಳು ಹೇಳಬೇಡ" ಎನ್ನುವುದಿಲ್ಲ, ನೆರೆಯವನ ಮೇಲೆ ಸುಳ್ಳುಸಾಕ್ಷಿ ಹೇಳಬೇಡ ಎನ್ನುತ್ತದೆ. ಹಿನ್ನೆಲೆಯಲ್ಲಿರುವುದು ಊರ ಬಾಗಿಲಲ್ಲಿ ಹಿರಿಯರು ಕೂತು ನಡೆಸುವ ನ್ಯಾಯ. ಬೆರಳಚ್ಚು, ಕ್ಯಾಮೆರಾ ಇಲ್ಲದ ಕಾಲ, ಒಬ್ಬನ ಜೀವ ಇನ್ನೊಬ್ಬನ ಬಾಯಲ್ಲಿ. ಅದಕ್ಕೇ ಧರ್ಮೋಪದೇಶಕಾಂಡ ಬಿಗಿಯಾದ ಕಟ್ಟುಪಾಡು ಹಾಕಿತು. ಒಬ್ಬನೇ ಸಾಕ್ಷಿ ಸಾಲದು, ಇಬ್ಬರೋ ಮೂವರೋ ಬೇಕು. ಮರಣದಂಡನೆಯಾದರೆ ಮೊದಲ ಕಲ್ಲು ಎಸೆಯಬೇಕಾದವರು ಸಾಕ್ಷಿ ಹೇಳಿದವರೇ. ಸುಳ್ಳುಸಾಕ್ಷಿ ಎಂದು ಗೊತ್ತಾದರೆ, ಅವನು ಇನ್ನೊಬ್ಬನಿಗೆ ಬಗೆದ ಶಿಕ್ಷೆ ಅವನಿಗೇ.

ಇಷ್ಟಿದ್ದೂ ಕಾನೂನನ್ನು ಬಗ್ಗಿಸಬಹುದು ಎಂಬುದಕ್ಕೆ 1 ಅರಸುಗಳು 21ನೇ ಅಧ್ಯಾಯ ನೋಡಿ. ಇಜ್ರೇಲಿನ ಅರಮನೆಯ ಪಕ್ಕದ ನಾಬೋತನ ದ್ರಾಕ್ಷಿತೋಟ ಇಸ್ರೇಲಿನ ಅರಸ ಅಹಾಬನಿಗೆ ಬೇಕು, ತರಕಾರಿ ಬೆಳೆಯಲು. ಪಿತ್ರಾರ್ಜಿತ ಜಮೀನು, ಕೊಡುವುದಿಲ್ಲ ಎಂದ ನಾಬೋತ. ಅರಸ ಊಟ ಬಿಟ್ಟು ಮುಖ ತಿರುಗಿಸಿಕೊಂಡು ಮಲಗಿದ. ರಾಣಿ ಈಜೆಬೆಲ್ ಅರಸನ ಮುದ್ರೆ ಒತ್ತಿ ಊರ ಹಿರಿಯರಿಗೆ ಪತ್ರ ಬರೆದಳು: ಉಪವಾಸ ಸಾರಿ, ನಾಬೋತನನ್ನು ಎಲ್ಲರ ಮುಂದೆ ಕೂರಿಸಿ, ಇಬ್ಬರು ದುಷ್ಟರಿಂದ ಅವನು ದೇವರನ್ನೂ ಅರಸನನ್ನೂ ಶಪಿಸಿದನೆಂದು ಹೇಳಿಸಿ. ಸಾಕ್ಷಿಗಳ ಸಂಖ್ಯೆ ಸರಿಯಾಗಿದೆ, ಹಿರಿಯರಿದ್ದಾರೆ, ಉಪವಾಸವೂ ಇದೆ. ನಾಬೋತ ಕಲ್ಲೇಟಿಗೆ ಸತ್ತ. ಪತ್ರ ಓದಿ ಮಾತಿಲ್ಲದೆ ನಡೆಸಿಕೊಟ್ಟ ಆ ಹಿರಿಯರ ಮೇಲೆ ನನಗೆ ಈಜೆಬೆಲಳಿಗಿಂತ ಹೆಚ್ಚು ಸಿಟ್ಟು ಬರುತ್ತದೆ.

ಈ ಕಥೆಗಳ ಜೊತೆಗಿಟ್ಟು ಬೈಬಲ್ಲಿನ ಜ್ಞಾನೋಕ್ತಿಗಳ ಪುಸ್ತಕ ಓದಿದರೆ ಅದರ ಮಾತುಗಳು ಗೋಡೆಗೆ ತೂಗುಹಾಕುವ ಸುಭಾಷಿತಗಳಾಗಿ ಉಳಿಯುವುದಿಲ್ಲ. 6ನೇ ಅಧ್ಯಾಯದಲ್ಲಿ ಯೆಹೋವನು ಹಗೆ ಮಾಡುವ ಏಳು ಸಂಗತಿಗಳಿವೆ, ಅವುಗಳಲ್ಲಿ ಮೂರು ಬಾಯಿಗೆ ಸೇರಿದವು: ಸುಳ್ಳಾಡುವ ನಾಲಿಗೆ, ಸುಳ್ಳುಸಾಕ್ಷಿ, ಅಣ್ಣತಮ್ಮಂದಿರ ನಡುವೆ ಜಗಳ ಬಿತ್ತುವವನು. ಪಟ್ಟಿಯ ಕೊನೆಗೆ ಬರುವುದು ಈ ಜಗಳ ಬಿತ್ತುವವನೇ. 18:8ರ ಪ್ರಕಾರ ಚಾಡಿಕೋರನ ಮಾತು ರುಚಿಯಾದ ತುತ್ತು, ಹೊಟ್ಟೆಯ ಆಳಕ್ಕಿಳಿಯುತ್ತದೆ. ಇದೇ ಮಾತು 26:22ರಲ್ಲಿ ಮತ್ತೆ ಬಂದಿದೆ. ಹೇಳುವವನನ್ನಷ್ಟೇ ಅಲ್ಲ, ಬಾಯಿ ಚಪ್ಪರಿಸಿ ಕೇಳುವವನನ್ನೂ ಹಿಡಿಯುವ ಮಾತಿದು. ನಮ್ಮ ಸಭೆಗಳಲ್ಲಿ ಇದಕ್ಕೆ ಒಂದು ಪವಿತ್ರ ವೇಷವೂ ಇದೆ. "ನೀವು ಪ್ರಾರ್ಥನೆ ಮಾಡಲಿ ಅಂತ ಹೇಳ್ತಿದ್ದೇನೆ" ಎಂದು ಶುರುವಾಗಿ, ಯಾರ ಮಗಳು ಯಾರ ಜೊತೆ ಓಡಾಡುತ್ತಿದ್ದಾಳೆ ಎಂಬಲ್ಲಿಗೆ ಬಂದು ಮುಟ್ಟುತ್ತದೆ. ಆ ಪ್ರಾರ್ಥನೆ ಮಾತ್ರ ಕೊನೆಗೂ ನಡೆಯುವುದಿಲ್ಲ.

ತಮಾಷೆಗೆ ಅಂದೆ ಎಂಬ ನೆಪಕ್ಕೂ 26:18-19ರಲ್ಲಿ ಉತ್ತರವಿದೆ. ನೆರೆಯವನನ್ನು ಮೋಸಗೊಳಿಸಿ ಆಮೇಲೆ ತಮಾಷೆ ಎನ್ನುವವನು ಬೆಂಕಿಯ ಕೊಳ್ಳಿ, ಬಾಣ ಎಸೆಯುವ ಹುಚ್ಚನ ಹಾಗೆ. ವಾಟ್ಸಾಪ್ ಗುಂಪುಗಳಿಗೆ ಹೇಳಿ ಮಾಡಿಸಿದ ವಚನ. ನನಗೆ ತುಂಬ ಇಷ್ಟವಾದದ್ದು 20:14. ಕೊಳ್ಳುವವನು "ಕೆಟ್ಟದ್ದು, ಕೆಟ್ಟದ್ದು" ಎಂದು ಚೌಕಾಸಿ ಮಾಡುತ್ತಾನೆ, ಕೊಂಡು ಆಚೆ ಹೋದ ಮೇಲೆ ಹೆಚ್ಚಳಪಡುತ್ತಾನೆ. ಅಲ್ಲಿ ಖಂಡನೆಯಿಲ್ಲ, ಶಾಪವಿಲ್ಲ, ಸಂತೆಯಲ್ಲಿ ಕಂಡದ್ದನ್ನು ಕಂಡಹಾಗೆ ಬರೆದಿದೆ ಅಷ್ಟೇ.

ಹಾಗಾದರೆ ಬಾಯಿ ಮುಚ್ಚಿಕೊಂಡಿರುವುದೇ ಕ್ಷೇಮವೇ? ಮಾತು ಹೆಚ್ಚಿದಲ್ಲಿ ಪಾಪ ತಪ್ಪದು ಎಂದು 10:19 ಹೇಳುವುದು ಹೌದು. ಆದರೆ ಯಾಜಕಕಾಂಡ 19:16ರಲ್ಲಿ ಜನರ ನಡುವೆ ಚಾಡಿ ಹೇಳುತ್ತ ತಿರುಗಬೇಡ ಎಂದಿದೆ, ಅದರ ಮರುವಚನದಲ್ಲೇ ನೆರೆಯವನ ತಪ್ಪನ್ನು ಅವನಿಗೆ ನೇರವಾಗಿ ಹೇಳು, ಇಲ್ಲದಿದ್ದರೆ ಅವನ ಪಾಪದಲ್ಲಿ ನಿನಗೂ ಪಾಲು ಎಂದೂ ಇದೆ. ಅದೇ ಪುಸ್ತಕದ 5:1ರ ಪ್ರಕಾರ ಕಂಡು ಕೇಳಿ ಗೊತ್ತಿದ್ದೂ ಸಾಕ್ಷಿ ಹೇಳದವನು ಅಪರಾಧಿ. ಬಾಯಿಲ್ಲದವರಿಗಾಗಿ ಬಾಯಿ ತೆರೆ ಎನ್ನುವುದು ಜ್ಞಾನೋಕ್ತಿ 31:8. ಆಫೀಸಿನಲ್ಲಿ ಯಾರೋ ಲಂಚ ತಿನ್ನುತ್ತಿದ್ದರೆ, ಹೆಣ್ಣುಮಕ್ಕಳಿಗೆ ಕಿರುಕುಳ ಕೊಡುತ್ತಿದ್ದರೆ, "ಚಾಡಿ ಹೇಳಬಾರದು" ಎಂಬ ವಚನದ ಹಿಂದೆ ಅವಿತುಕೊಳ್ಳಲು ಬರುವುದಿಲ್ಲ. ಕಿರುಕುಳ ಕೊಟ್ಟವರೇ ಈ ವಚನವನ್ನು ನೊಂದವರ ಬಾಯಿಗೆ ಬೀಗ ಹಾಕಲು ಬಳಸುವುದುಂಟು, ಅದೂ ಸಭೆಗಳ ಒಳಗೇ. ನನ್ನ ಮಟ್ಟಿಗೆ ಅದು ಈಜೆಬೆಲಳ ಉಪವಾಸಕ್ಕಿಂತ ಬೇರೆಯಲ್ಲ.

ಜೀವ ಉಳಿಸಲು ಹೇಳುವ ಸುಳ್ಳಿನ ಬಗ್ಗೆಯೂ ಕೇಳಿದ್ದೀರಿ. ವಿಮೋಚನಕಾಂಡದ ಮೊದಲ ಅಧ್ಯಾಯದಲ್ಲಿ ಶಿಪ್ರಾ, ಪೂಗಾ ಎಂಬ ಸೂಲಗಿತ್ತಿಯರಿದ್ದಾರೆ. ಇಬ್ರಿಯರ, ಅಂದರೆ ಇಸ್ರೇಲ್ಯರ, ಗಂಡುಕೂಸುಗಳನ್ನು ಕೊಲ್ಲಿ ಎಂಬ ಈಜಿಪ್ಟಿನ ಅರಸ ಫರೋಹನ ಆಜ್ಞೆ ಮೀರಿ, ಇಬ್ರಿಯ ಹೆಂಗಸರು ಗಟ್ಟಿಗಿತ್ತಿಯರು, ನಾವು ಹೋಗುವಷ್ಟರಲ್ಲೇ ಹೆತ್ತಿರುತ್ತಾರೆ ಎಂದು ಅವನ ಮುಖಕ್ಕೇ ಹೇಳಿದರು. ದೇವರು ಅವರಿಗೆ ಒಳ್ಳೆಯದು ಮಾಡಿದ ಎಂದಿದೆ. ಹಳೆಯ ಕಾಲದ ಕ್ರೈಸ್ತ ದೇವಶಾಸ್ತ್ರಜ್ಞ ಅಗಸ್ಟಿನ್ ಇದನ್ನು ಸುಳ್ಳಿಗೆ ಸಿಕ್ಕ ಒಪ್ಪಿಗೆ ಎಂದು ಓದಲಿಲ್ಲ. ದೇವರು ಮೆಚ್ಚಿದ್ದು ಅವರ ಕರುಣೆಯನ್ನು, ಸುಳ್ಳನ್ನಲ್ಲ, ಸುಳ್ಳು ಯಾವಾಗಲೂ ಸುಳ್ಳೇ ಎಂಬುದು ಅವನ ವಾದ. ನನಗೆ ಆ ವಾದ ಗಂಟಲಲ್ಲಿ ಇಳಿಯುವುದಿಲ್ಲ. ಕೂಸಿನ ಕುತ್ತಿಗೆ ಹಿಸುಕಲು ನಿಂತವನಿಗೆ ಮಾಹಿತಿ ಕೊಡುವ ಋಣ ಯಾರಿಗೂ ಇಲ್ಲ. ಆದರೆ ಸೂಲಗಿತ್ತಿಯರು ಅಪಾಯವನ್ನು ತಮ್ಮ ತಲೆಯ ಮೇಲೆಳೆದುಕೊಂಡು ಸುಳ್ಳಾಡಿದವರು. ತಮ್ಮ ತಲೆ ತಪ್ಪಿಸಿಕೊಳ್ಳಲು ಸುಳ್ಳಾಡುವವರು ಅವರ ಹೆಸರು ಎತ್ತುವುದು ಸಲ್ಲ.

ಹೊಸ ಒಡಂಬಡಿಕೆಯ ಬಗ್ಗೆ ಹೆಚ್ಚು ಬೆಳೆಸುವುದಿಲ್ಲ. ಯಾಕೋಬನ ಪತ್ರಿಕೆಯ 3ನೇ ಅಧ್ಯಾಯವನ್ನು ನೀವೇ ಒಮ್ಮೆ ಓದಿ, ಐದು ನಿಮಿಷದ ಕೆಲಸ. ಅಲ್ಲಿ ನನ್ನನ್ನು ಕುಟುಕುವುದು ನಾಲಿಗೆ ಬೆಂಕಿ ಎಂಬ ಪ್ರಸಿದ್ಧ ಮಾತಲ್ಲ, ಮೊದಲನೇ ವಚನ: ಬಹಳ ಮಂದಿ ಬೋಧಕರಾಗಲು ಹೋಗಬೇಡಿ, ಬೋಧಿಸುವ ನಮಗೆ ಕಠಿಣವಾದ ತೀರ್ಪು ಇದೆ. ಸಂಡೇ ಸ್ಕೂಲಿನವರಿಗೆ ಇದರಿಂದ ವಿನಾಯಿತಿ ಸಿಕ್ಕಂತಿಲ್ಲ.

ಈಗ ನಿಮ್ಮ ವಿಷಯ. ಅದು ಪಾಪವೋ ಅಲ್ಲವೋ ಎಂಬ ತೀರ್ಪು ನನ್ನದಲ್ಲ. ತಡವಾಗಿ ಬಂದದ್ದರಿಂದ ಕೆಲಸ ಕೆಟ್ಟು ನಿಮಗೆ ತೊಂದರೆಯಾಗಿದ್ದರೆ ಹೇಳುವ ಹಕ್ಕು ನಿಮಗಿತ್ತು. ಆದರೆ ಜ್ಞಾನೋಕ್ತಿ 25:9ರಂತೆ ಮೊದಲು ಅವರ ಹತ್ತಿರವೇ ಮಾತಾಡಬೇಕಿತ್ತು, ಮತ್ತು ಮ್ಯಾನೇಜರ್ ಮುಂದೆ ಹೋದಾಗ ನಿಮಗೆ ಗೊತ್ತಿದ್ದ ಕಾರಣವನ್ನು ನುಂಗಬಾರದಿತ್ತು. ಮೊದಲು ಬಂದು ವಾದ ಹೇಳಿದವನು ಸರಿಯೆಂದೇ ಕಾಣುತ್ತಾನೆ, ಎದುರಿನವನು ಬಂದು ಪ್ರಶ್ನಿಸುವವರೆಗೆ ಮಾತ್ರ ಎಂದು 18:17ರಲ್ಲಿದೆ. ನಿಮ್ಮ ಆಫೀಸಿನಲ್ಲಿ ಎದುರಿನವರಿಗೆ ಆ ಸರದಿಯೇ ಬರಲಿಲ್ಲ.

ಮತ್ತಾಯ 5:23-24ರಲ್ಲಿ ಯೇಸು ಹೇಳಿದ ಕ್ರಮ ಇಲ್ಲಿ ಹೊಂದುತ್ತದೆ. ಕಾಣಿಕೆ ಕೊಡುವಾಗ ಸಹೋದರನಿಗೆ ನಿನ್ನ ಮೇಲೆ ಮನಸ್ತಾಪವಿರುವುದು ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಬಳಿಗೆ ಹೋಗು. ಹಾಗಾಗಿ ಮೊದಲು ಅವರ ಹತ್ತಿರ ಹೋಗಿ. ನೇರವಾಗಿ ಮ್ಯಾನೇಜರ್ ಬಳಿ ಓಡಿ ಅವರ ತಾಯಿಯ ಕಾಯಿಲೆಯ ಕಥೆಯನ್ನೆಲ್ಲ ಬಿಚ್ಚಿಡಬೇಡಿ. ಅದು ಅವರ ಮನೆಯ ವಿಷಯ, ಹೇಳುವುದೋ ಬಿಡುವುದೋ ಅವರಿಗೆ ಬಿಟ್ಟದ್ದು. ಹೇಳಬೇಡಿ ಎಂದರೆ ಕಾಯಿಲೆಯ ಮಾತು ಎತ್ತಬೇಡಿ. "ಅವರು ತಡವಾಗಿ ಬರಲು ಕಾರಣವಿತ್ತು, ನನಗೆ ಗೊತ್ತಿದ್ದೂ ನಾನು ಹೇಳಲಿಲ್ಲ, ದಯವಿಟ್ಟು ಅವರನ್ನೇ ಕರೆದು ಒಮ್ಮೆ ಕೇಳಿ" ಎಂದು ಮ್ಯಾನೇಜರ್‌ಗೆ ಹೇಳಿದರೆ ಸಾಕು, ಇದರಲ್ಲಿ ಯಾರ ಗುಟ್ಟೂ ಹೊರಗೆ ಬೀಳುವುದಿಲ್ಲ. ಪ್ರಮೋಷನ್ ಪಟ್ಟಿ ಇನ್ನೂ ಮೇಲಕ್ಕೆ ಹೋಗಿಲ್ಲದಿದ್ದರೆ ಈ ವಾರವೇ ಹೇಳಿಬಿಡಿ. ಹೋಗಿದ್ದರೂ ಹೇಳಿ, ಮುಂದಿನ ಸಲದ ಅಪ್ರೈಸಲ್‌ಗೆ ಇದೇ ಕಡತ ತೆರೆಯುತ್ತಾರೆ.